ಚಿಕ್ಕಮ್ಮನ ಆಲ್ಪೆನ್‌ರೋಸೆ, ನಮ್ಮ ಹಿತ್ತಿಲ ಕೇಪುಳ

ನಮಸ್ಕಾರ. ಇವತ್ತಿನ ವಿಡಿಯೊದಲ್ಲಿ ಗಿಡ ಎರಡು ಉಂಟು. ಒಂದು ಉಡುಪಿಯ ನಮ್ಮ ಹಿತ್ತಿಲಿನ ಕೇಪುಳ, ಅಂದರೆ ಇಕ್ಸೋರಾ. ಇನ್ನೊಂದು ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ, ನಮ್ಮ ಚಿಕ್ಕಮ್ಮನ ಅಂಗಳದಲ್ಲಿರುವ ಆಲ್ಪೆನ್‌ರೋಸೆ. ರೋಡೊಡೆಂಡ್ರಾನ್ ಜಾತಿಯ, ಸೊಂಟದೆತ್ತರದ ನಿತ್ಯಹಸಿರು ಪೊದೆ ಅದು. ಮರಗಳೇ ಬೆಳೆಯದ ಎತ್ತರದಲ್ಲಿ, ಆಲ್ಪ್ಸ್ ಬೆಟ್ಟದ ಇಳಿಜಾರಿನಲ್ಲಿ ತಾನಾಗಿ ಬೆಳೆಯುವಂಥದ್ದು.

"ಎಂತ ಮಾರಾಯ್ತಿ, ಎಲೆ ಎಲ್ಲ ಹಳದಿ ಆಗ್ತಾ ಉಂಟು. ನೀನು ಗಿಡದ ವಿಡಿಯೊ ಮಾಡ್ತಿಯಲ್ಲ, ಹೇಳು" ಅಂತ ಚಿಕ್ಕಮ್ಮ ಫೋನ್ ಮಾಡಿದ್ರು. ನಾನು ಮೊದಲು ಕೇಳಿದ್ದು, ಎಲೆ ಮಗುಚಿ ತೋರಿಸಿ ಅಂತ. ಸ್ಕ್ರೀನ್‌ಶಾಟ್ ಹಾಕಿದ್ದೇನೆ, ನೋಡಿ. ಮೇಲ್ಭಾಗ ಹೊಳೆಯುವ ಹಸಿರು, ಅಡಿಭಾಗ ಪೂರ್ತಿ ತುಕ್ಕಿನ ಬಣ್ಣ. ಇದು ಫೆರುಜಿನಿಯಮ್ ಅನ್ನುವ ಬಗೆಯ ಆಲ್ಪೆನ್‌ರೋಸೆ. ಇದಕ್ಕೊಬ್ಬ ದಾಯಾದಿ ಇದ್ದಾನೆ, ಹಿರ್ಸುಟಮ್ ಅಂತ. ಅವನ ಎಲೆಯ ಅಂಚಿನಲ್ಲಿ ರೋಮ ಇರ್ತದೆ. ಇನ್ಸ್‌ಬ್ರುಕ್‌ನ ಉತ್ತರದ ನೋರ್ಡ್‌ಕೆಟ್ಟೆ ಸುಣ್ಣಕಲ್ಲಿನ ಬೆಟ್ಟ, ಅಲ್ಲಿ ರೋಮದವನು. ದಕ್ಷಿಣದ ಪಾಚರ್‌ಕೋಫೆಲ್ ಬೆಟ್ಟದಲ್ಲಿ ಸುಣ್ಣದ ಅಂಶ ಕಡಿಮೆ, ಅಲ್ಲಿ ತುಕ್ಕಿನವನು. ಒಂದೇ ಊರು, ಎದುರುಬದುರು ಬೆಟ್ಟ, ಗಿಡ ಬೇರೆ!

ಚಿಕ್ಕಮ್ಮನ ಗಿಡಕ್ಕೆ ಬೇಕಾದದ್ದು ಹುಳಿಮಣ್ಣು, ಹುಳಿಯ ಅಳತೆಯಾದ ಪಿಎಚ್ 4.5ರಿಂದ 5.5ರ ಒಳಗೆ. ಅವರು ನೆಟ್ಟದ್ದು ಹೊಸ ಸಿಮೆಂಟ್ ಮೆಟ್ಟಿಲಿನ ಬುಡದಲ್ಲಿ. ಸಿಮೆಂಟಿನಿಂದ ಸುಣ್ಣ ಇಳಿದು ಮಣ್ಣಿನ ಹುಳಿ ತೆಗೆದುಬಿಡ್ತದೆ. ಆಗ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಎಳೆದುಕೊಳ್ಳಲಿಕ್ಕೆ ಆಗುವುದಿಲ್ಲ, ಎಲೆ ಹಳದಿ ಆಗುವುದು ಅದಕ್ಕೇ.

ಇದನ್ನು ಅರ್ಥ ಮಾಡಿಕೊಳ್ಳಲಿಕ್ಕೆ ಇನ್ಸ್‌ಬ್ರುಕ್‌ಗೆ ಹೋಗಬೇಕಂತ ಇಲ್ಲ. ಬನ್ನಿ, ಪಾಗಾರದ ಹತ್ತಿರ. ಈ ಕೇಪುಳದ ಎಳೆ ಎಲೆ ನೋಡಿ. ನರ ಮಾತ್ರ ಹಸಿರು, ನಡುವೆ ಎಲ್ಲ ಹಳದಿ, ಹಸಿರು ಶಾಯಿಯಲ್ಲಿ ಗೀಚಿದ ಹಾಗೆ. ಪಾಗಾರಕ್ಕೆ ಸುಣ್ಣ ಬಳಿದದ್ದು ಮಳೆಗೆ ಕರಗಿ ಬುಡಕ್ಕೆ ಇಳಿದಿದೆ. ನಾಲ್ಕು ಹೆಜ್ಜೆ ಆಚೆಗಿರುವ ಗಿಡಕ್ಕೆ ಏನೂ ಆಗಿಲ್ಲ. ಮುರಕಲ್ಲಿನ ಮಣ್ಣು ಕೆಂಪಾಗಿರುವುದೇ ಕಬ್ಬಿಣದಿಂದ, ಆದರೂ ಈ ಗಿಡಕ್ಕೆ ಕಬ್ಬಿಣದ ಕೊರತೆ. ಹಾಗಾಗಿ ಬಚ್ಚಲೊಲೆಯ ಬೂದಿ ತೆಂಗಿನ ಬುಡಕ್ಕೆ ಹಾಕಿ, ಕೇಪುಳಕ್ಕೆ ಬೇಡ. ಬೂದಿಯದ್ದೂ ಸುಣ್ಣದ್ದೇ ಗುಣ.

ಚಿಕ್ಕಮ್ಮನಿಗೆ ಗಿಡ ಜಾಗ ಬದಲಿಸಿ ಅಂದೆ. ಸತ್ತುಹೋದೀತು ಅಂತ ಹೆದರಿದ್ರು. ಹೆದರಿಕೆ ಬೇಡ. ಇದರ ಬೇರು ಆಳಕ್ಕೆ ಹೋಗುವುದಿಲ್ಲ, ಕೂದಲಿನಂತೆ ಸಣ್ಣಸಣ್ಣದಾಗಿ ಮೇಲ್ಮಣ್ಣಿನಲ್ಲೇ ಹೆಣೆದುಕೊಂಡಿರ್ತದೆ. ಸೆಪ್ಟೆಂಬರಿನಲ್ಲಿ ಮಣ್ಣಿನ ಹೆಂಟೆಯ ಸಮೇತ ಎತ್ತಿ, ಮೊದಲು ಎಷ್ಟು ಆಳದಲ್ಲಿತ್ತೋ ಅಷ್ಟೇ ಆಳದಲ್ಲಿ ಕೂರಿಸಿದರೆ ಸಾಕು. ಬುಡದಲ್ಲಿ ಹಾರೆ, ಪಿಕ್ಕಾಸು ಆಡಿಸಲೇಬಾರದು. ಕಳೆ ಬಂದರೆ ಕೈಯಲ್ಲಿ ಕೀಳಬೇಕು. ಮೇಲೆ ಪೈನ್ ಮರದ ಸೂಜಿ ಎಲೆಗಳ ಹೊದಿಕೆ. ನಾವು ತರಗೆಲೆ ಹಾಸುತ್ತೇವಲ್ಲ, ಅದೇ ಕೆಲಸ. ನೀರು ಆದಷ್ಟೂ ಮಳೆಯದ್ದು. ಹೂ ಬಾಡಿದ ಮೇಲೆ ಗೊಂಚಲನ್ನು ಬೆರಳಿನಲ್ಲೇ ಮುರಿದು ತೆಗೀಬೇಕು, ಕತ್ತರಿ ಬೇಡ. ಅದರ ಬುಡದಲ್ಲೇ ಹೊಸ ಚಿಗುರು ಕೂತಿರ್ತದೆ.

ಚಳಿಗಾಲದ ವಿಷಯ ಮಾತ್ರ ನನಗೇ ಹೊಸತು. ಬೆಟ್ಟದಲ್ಲಿ ಇದು ಹಿಮದ ಅಡಿಯಲ್ಲಿ ಮಲಗಿರ್ತದೆ, ಹಿಮವೇ ಕಂಬಳಿ. ಹಿಮ ಬೀಳದ ವರ್ಷ ಕಷ್ಟ. ಎಲೆ ಉದುರಿಸದ ಗಿಡ ಅಲ್ವಾ, ಬಿಸಿಲಿಗೆ ಎಲೆಯಿಂದ ನೀರು ಆರ್ತಾ ಇರ್ತದೆ, ಕೆಳಗೆ ಮಣ್ಣು ಹೆಪ್ಪುಗಟ್ಟಿ ಬೇರಿಗೆ ನೀರು ಸಿಗುವುದಿಲ್ಲ. ಚಳಿಯಲ್ಲಿ ಬಾಯಾರಿ ಒಣಗುವುದು! ಹಾಗಾಗಿ ಮಣ್ಣು ಗಟ್ಟಿಯಾಗುವ ಮೊದಲೇ ಚೆನ್ನಾಗಿ ನೀರು ಕೊಟ್ಟು, ಮೇಲೆ ಫರ್ ಮರದ ಗೆಲ್ಲು ಮುಚ್ಚಬೇಕು.

ಇನ್ನು, ಇದನ್ನು ನಮ್ಮಲ್ಲಿ ಬೆಳೆಸಬಹುದಾ? ಮಣ್ಣಿನ ಮಟ್ಟಿಗೆ ನಮ್ಮದು ಅದಕ್ಕೆ ಹೇಳಿ ಮಾಡಿಸಿದ್ದು, ಹುಳಿಮಣ್ಣು ಪುಕ್ಕಟೆ ಉಂಟು. ಹಗಲಿನ ಬಿಸಿಲಿಗೆ ನೆರಳನ್ನೂ ಕೊಡಬಹುದು. ರಾತ್ರಿಗೆ ಎಂತ ಮಾಡ್ತೀರಿ? ಉಡುಪಿಯಲ್ಲಿ ಡಿಸೆಂಬರ್ ರಾತ್ರಿಯೂ 20 ಡಿಗ್ರಿಯ ಆಸುಪಾಸು. ಹಗಲಿಡೀ ಎಲೆ ಮಾಡಿಟ್ಟ ಆಹಾರವನ್ನು ಸೆಕೆಯ ರಾತ್ರಿಯಲ್ಲಿ ಗಿಡ ಉಸಿರಾಟಕ್ಕೇ ಖರ್ಚು ಮಾಡ್ತದೆ. ಜೂನ್ ಬಂತೋ, ಬೆಚ್ಚಗಿನ ಒದ್ದೆ ಮಣ್ಣಿನಲ್ಲಿ ಬೇರು ಕೊಳೆಯುವುದು. ಆ ಕೊಳೆಯೂ ಅಡಿಕೆಗೆ ಕೊಳೆರೋಗ ತರುವ ಫೈಟಾಫ್ತೊರಾ ಅನ್ನುವ ರೋಗಾಣುವಿನ ಬಳಗದ್ದೇ. ಎಸಿ ರೂಮಿನಲ್ಲಿ ಇಡ್ತೇನೆ ಅನ್ನುವವರಿಗೆ ನನ್ನ ದೊಡ್ಡ ನಮಸ್ಕಾರ.

ಬ್ಯಾಗಿನಲ್ಲಿ ಒಂದು ಗೆಲ್ಲು ಹಾಕಿ ತರ್ತೇನೆ ಅಂದ್ರು ಚಿಕ್ಕಮ್ಮ. ಬೇಡವೇ ಬೇಡ ಅಂದೆ. ಸಸ್ಯ ಕ್ವಾರಂಟೈನಿನ 2003ರ ಆದೇಶದ ಪ್ರಕಾರ ಆಮದು ಪರವಾನಗಿ, ರೋಗ ಇಲ್ಲ ಅನ್ನುವ ಪ್ರಮಾಣಪತ್ರ ಎಲ್ಲ ಬೇಕು. ರೋಡೊಡೆಂಡ್ರಾನ್ ನೋಡುವ ಆಸೆ ಇದ್ದರೆ ನೀಲಗಿರಿಗೆ ಹೋಗಿ. ಅಲ್ಲಿಯ ಶೋಲಾ ಕಾಡಿನ ಅಂಚಿನಲ್ಲಿ ಕೆಂಪು ಹೂವಿನ ಜಾತಿ ಮರವಾಗಿಯೇ ಬೆಳೀತದೆ.

ಹಾಂ, ಒಂದು ಮಾತು ಚಿಕ್ಕಮ್ಮನ ಮೊಮ್ಮಗನಿಗೆ. ರಜೆಯಲ್ಲಿ ಇಲ್ಲಿ ಬಂದಾಗ ಕೇಪುಳದ ಹಣ್ಣು ಕೊಯ್ದು ಕೊಯ್ದು ತಿಂದಿದ್ದಾನೆ ಅವನು. ಪುಟ್ಟಾ, ಅಜ್ಜಿಯ ಅಂಗಳದ ಗಿಡದ ಎಲೆ, ಹೂ, ಯಾವುದನ್ನೂ ಬಾಯಿಗೆ ಹಾಕಬೇಡ. ಪೂರ್ತಿ ಗಿಡವೇ ವಿಷ, ಆಯ್ತಾ?