ಗಂಗೆಗಾಗಿ ಊಟ ಬಿಟ್ಟ ಪ್ರೊಫೆಸರ್

ಕೇಳುಗರೇ, ನಮಸ್ಕಾರ.

ನಮ್ಮಲ್ಲಿ ಎಷ್ಟೋ ಮನೆಗಳ ದೇವರ ಕೋಣೆಯಲ್ಲಿ ಗಂಗೆಯ ಗಿಂಡಿ ಇರುತ್ತದೆ, ಅಲ್ವಾ? ಕಾಶಿಗೆ ಹೋದವರು ತಂದದ್ದು, ಕೊನೆಗಾಲಕ್ಕೆ ಬೇಕಾಗುತ್ತದೆ ಅಂತ ಜೋಪಾನವಾಗಿ ಇಟ್ಟದ್ದು. ಅದೇ ಗಂಗೆಗಾಗಿ ಪ್ರಾಣ ಬಿಟ್ಟವರು ಜಿ.ಡಿ. ಅಗರ್ವಾಲ್. ಕಾನ್ಪುರ ಐಐಟಿಯಲ್ಲಿ ಪ್ರೊಫೆಸರ್ ಆಗಿದ್ದವರು, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮೊದಲ ಸದಸ್ಯ ಕಾರ್ಯದರ್ಶಿ. 2011ರಲ್ಲಿ ಸನ್ಯಾಸ ತೆಗೆದುಕೊಂಡು ಸ್ವಾಮಿ ಸಾನಂದರಾದರು.

ಹಿಮಾಲಯದ ಜಲವಿದ್ಯುತ್ ಯೋಜನೆಗಳು ನದಿಯನ್ನು ಸುರಂಗದೊಳಗೆ ತಿರುಗಿಸಿ, ಎಷ್ಟೋ ಕಿಲೋಮೀಟರ್ ಕೆಳಗೆ ಹೊರಗೆ ಬಿಡುತ್ತವೆ. ನೀರು ಕಡಿಮೆಯಾಗುವ ತಿಂಗಳುಗಳಲ್ಲಿ ನಡುವಿನ ಪಾತ್ರದಲ್ಲಿ ಉಳಿಯುವುದು ಹೆಚ್ಚಾಗಿ ಕಲ್ಲು. ಕಲ್ಲು, ಬಿಸಿಲು, ಗಾಳಿ ಸೋಕದ ನೀರು ತನ್ನನ್ನು ತಾನೇ ಶುದ್ಧ ಮಾಡಿಕೊಳ್ಳುವ ಗುಣ ಕಳೆದುಕೊಳ್ಳುತ್ತದೆ ಅನ್ನುವುದು ಅವರ ವಾದ. ವಿಜ್ಞಾನಿಯಾಗಿ ಅವರು ಹೇಳಿದ್ದೂ ಭಕ್ತನಾಗಿ ಹೇಳಿದ್ದೂ ಒಂದೇ ಮಾತು, ಅದಕ್ಕೇ ನನಗೆ ಅವರ ಮೇಲೆ ಅಷ್ಟು ಗೌರವ.

ಅವರ ಉಪವಾಸಕ್ಕೆ ಒಮ್ಮೆ ಸರ್ಕಾರ ಬಗ್ಗಿತ್ತು. 2010ರಲ್ಲಿ, ಕೆಲಸ ಶುರುವಾಗಿದ್ದ 600 ಮೆಗಾವಾಟಿನ ಲೋಹಾರಿನಾಗ್ ಪಾಲಾ ಜಲವಿದ್ಯುತ್ ಯೋಜನೆ ರದ್ದಾಯಿತು. ಗಂಗಾಮಾತೆಯೇ ಕರೆದಳು ಎಂದು ವಾರಾಣಸಿಯಲ್ಲಿ ಹೇಳಿದವರು 2014ರಲ್ಲಿ ಅಧಿಕಾರಕ್ಕೆ ಬಂದರು, ಗಂಗೆಯನ್ನು ಶುದ್ಧ ಮಾಡುವ ನಮಾಮಿ ಗಂಗೆ ಯೋಜನೆಗೆ 20,000 ಕೋಟಿ ರೂಪಾಯಿ ಎತ್ತಿಟ್ಟರು. ಘಾಟುಗಳಿಗೆ, ಕೊಳಚೆ ಶುದ್ಧ ಮಾಡುವ ಘಟಕಗಳಿಗೆ ದುಡ್ಡು ಸಿಕ್ಕಿತು, ಅದು ಬೇಡವೆಂದು ಯಾರೂ ಅನ್ನುವುದಿಲ್ಲ. ಆದರೆ ಸಾನಂದರು ಕೇಳಿದ್ದು ಅದಲ್ಲ. ಮುಂದೆ ಗಂಗೆಯಾಗುವ ಅಲಕನಂದಾ, ಧೌಲಿಗಂಗಾ, ಮಂದಾಕಿನಿ ನದಿಗಳಲ್ಲಿ ಕಟ್ಟುತ್ತಿರುವ ವಿದ್ಯುತ್ ಯೋಜನೆಗಳನ್ನು ನಿಲ್ಲಿಸಿ, ಗಂಗೆಗೆ ಒಂದು ಕಾನೂನು ಮಾಡಿ ಅಂದರು. 2018ರ ಜೂನ್ 22ಕ್ಕೆ ಹರಿದ್ವಾರದಲ್ಲಿ ಉಪವಾಸ ಕೂತರು. ಪ್ರಧಾನಿಗೆ ಬರೆದ ಪತ್ರಗಳಿಗೆ ಉತ್ತರ ಬಂದಿಲ್ಲ ಎಂದು ನೊಂದು ಮತ್ತೆ ಬರೆದರು.

ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರದ ಆದೇಶವೊಂದು ಬಂತು: ಈ ಯೋಜನೆಗಳು ನವೆಂಬರಿನಿಂದ ಮಾರ್ಚ್‌ವರೆಗೆ ನದಿಯ ಹರಿವಿನಲ್ಲಿ ಶೇಕಡಾ 20ರಷ್ಟಾದರೂ ಕೆಳಗೆ ಬಿಡಬೇಕು. ಅಂದರೆ ಉಳಿದ 80 ಸುರಂಗಕ್ಕೆ ಹೋಗಬಹುದು! ಅಷ್ಟರಲ್ಲಿ ಸಾನಂದರು ನೀರು ಕುಡಿಯುವುದನ್ನೂ ಬಿಟ್ಟಿದ್ದರು. ಅಕ್ಟೋಬರ್ 11ರಂದು ಋಷಿಕೇಶದ ಆಸ್ಪತ್ರೆಯಲ್ಲಿ ತೀರಿಕೊಂಡರು. ವಯಸ್ಸು 86.

ಆರತಿ ಮಾಡುವ ಭಕ್ತರು ಯಾವ ಪಕ್ಷಕ್ಕೂ ಬೇಕು. ಅಣೆಕಟ್ಟು ನಿಲ್ಲಿಸಿ ಅನ್ನುವ ಭಕ್ತ ಬೇಡ. ಅವರು ಕೂತಿದ್ದ ಆ ದಿನಗಳಲ್ಲಿ ನಾವು, ಗಂಗೆಯನ್ನು ಪೂಜಿಸುವ ಕೋಟಿಗಟ್ಟಲೆ ಜನ, ಅವರ ಜೊತೆ ದನಿ ಎತ್ತಿದ್ದರೆ ಸರ್ಕಾರ ಹೀಗೆ ಸುಮ್ನೆ ಇರಲು ಆಗುತ್ತಿತ್ತಾ?

2021ರ ಫೆಬ್ರವರಿ 7ರಂದು ಮೇಲಿನ ಬೆಟ್ಟದಿಂದ ಬಂಡೆ, ಹಿಮ ಕುಸಿದು ಧೌಲಿಗಂಗೆಯಲ್ಲಿ ಪ್ರವಾಹ ಬಂತು. 200ಕ್ಕೂ ಜಾಸ್ತಿ ಜನ ಸತ್ತರು, ಕಾಣೆಯಾದರು. ಅವರಲ್ಲಿ ಹೆಚ್ಚಿನವರು ಅಲ್ಲಿನ ವಿದ್ಯುತ್ ಯೋಜನೆಗಳಲ್ಲಿ ದುಡಿಯುತ್ತಿದ್ದ ಕೂಲಿಗಳು. ಅವುಗಳಲ್ಲಿ ಒಂದಾದ ತಪೋವನ ಯೋಜನೆಯ ಸುರಂಗದಲ್ಲಿ ಸಿಕ್ಕಿಕೊಂಡವರಿಗಾಗಿ ದಿನಗಟ್ಟಲೆ ಹೂಳು ತೆಗೆದರು. ಧೌಲಿಗಂಗೆಯ ಯೋಜನೆಗಳನ್ನು ನಿಲ್ಲಿಸಿ ಎಂದು ಆ ಮುದುಕ ಮೂರು ವರ್ಷ ಮೊದಲೇ ಕೇಳಿದ್ದರು.