ದೆವ್ವಕ್ಕೆ ಮೊದಲು ಮನೆ

ಕೇಳುಗರೆಲ್ಲರಿಗೂ ನಮಸ್ಕಾರ.

ಅಡಿಕೆ ಕೊಯ್ಲಿನ ದಿನಗಳಲ್ಲಿ ಮಲೆನಾಡಿನ ಮನೆಗಳಲ್ಲಿ ರಾತ್ರಿ ಬೇಗ ಮುಗಿಯುತ್ತಿರಲಿಲ್ಲ. ಹಗಲು ಇಳಿಸಿದ ಗೊನೆಗಳನ್ನು ಮುಂದೆ ಹಾಕಿಕೊಂಡು, ಊಟವಾದ ಮೇಲೆ ಮೆಟ್ಟುಗತ್ತಿಯ ಮೇಲೆ ಕುಳಿತವರು ನಡುರಾತ್ರಿಯವರೆಗೂ ಸುಲಿಯುತ್ತಿದ್ದರು; ತೂಕಡಿಕೆ ಬಂದು ಬೆರಳು ಕೊಯ್ದುಕೊಳ್ಳದಿರಲೆಂದು ಯಾರಾದರೊಬ್ಬರು ದೆವ್ವದ ಕಥೆ ತೆಗೆಯುತ್ತಿದ್ದರು. ಈಗ ಬಹಳ ಕಡೆ ಸುಲಿಯುವ ಯಂತ್ರ ಬಂದಿದೆ. ಅದರ ಸದ್ದಿನಲ್ಲಿ ಕಥೆಯ ಮಾತಿರಲಿ, ಪಕ್ಕದಲ್ಲಿರುವವರನ್ನು ಕೂಗಿ ಕರೆದರೂ ಕೇಳಿಸುವುದಿಲ್ಲ. ಕಳೆದ ಕೊಯ್ಲಿನಲ್ಲಿ ಹೊಸನಗರ ತಾಲ್ಲೂಕಿನ ನಮ್ಮ ಸ್ನೇಹಿತರೊಬ್ಬರ ಮನೆಯ ಯಂತ್ರ ಕೆಟ್ಟು ನಿಂತಿತು, ಹಳೆಯ ಮೆಟ್ಟುಗತ್ತಿಗಳು ಅಟ್ಟದಿಂದ ಇಳಿದವು. ಭಯಾನಕ ಕಥೆ ಕಾದಂಬರಿಗಳನ್ನು ಓದುವ ಚಟವಿರುವ ನಾವು ಆರೇಳು ಮಂದಿ ಸಹಾಯ ಮಾಡುತ್ತೇವೆಂಬ ನೆಪದಲ್ಲಿ ಅಲ್ಲಿ ಸೇರಿದೆವು. ನಾನು ಸುಲಿದ ಅಡಿಕೆ ಎಷ್ಟೆಂದು ದಯವಿಟ್ಟು ಕೇಳಬೇಡಿ. ಇತ್ತೀಚೆಗೆ ಏನೇನು ಓದಿದೆವು, ಯಾವುದು ಹೆದರಿಸಿತು, ಯಾವುದು ಬರೀ ನಗು ತರಿಸಿತು ಎಂದು ಆ ರಾತ್ರಿ ಆಡಿದ ಮಾತುಗಳನ್ನೇ ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ಮಾತು ತೆಗೆದವರು ಶಿವಮೊಗ್ಗದ ಆಸ್ಪತ್ರೆಯೊಂದರಲ್ಲಿ ರಾತ್ರಿಪಾಳಿ ಮಾಡುವ ನರ್ಸ್. ಅವರು ಓದಿ ಮುಗಿಸಿದ್ದು ಅಮೆರಿಕದ ಲೇಖಕಿ ಶರ್ಲಿ ಜಾಕ್ಸನ್ ಅವರ, 1959ರಲ್ಲಿ ಪ್ರಕಟವಾದ ‘ದಿ ಹಾಂಟಿಂಗ್ ಆಫ್ ಹಿಲ್ ಹೌಸ್’ ಎಂಬ ಕಾದಂಬರಿ. ಕೆಟ್ಟ ಹೆಸರು ಹೊತ್ತ ಹಳೆಯ ಬಂಗಲೆಯೊಂದರಲ್ಲಿ ನಿಜಕ್ಕೂ ಏನಾದರೂ ಇದೆಯೇ ಎಂದು ನೋಡಲು ನಾಲ್ವರು ಬಂದು ತಂಗುತ್ತಾರೆ. ಒಂದು ರಾತ್ರಿ ಎಲಿನರ್ ಎಂಬಾಕೆ, ಗೋಡೆಯಾಚೆ ಯಾರೋ ಗೊಣಗುವುದನ್ನೂ ಮಗುವೊಂದು ನರಳುವುದನ್ನೂ ಕೇಳಿಸಿಕೊಳ್ಳುತ್ತ, ಕತ್ತಲೆಯಲ್ಲಿ ಗೆಳತಿಯ ಕೈಯನ್ನು ಬಿಗಿಯಾಗಿ ಹಿಡಿದು ಮಲಗಿರುತ್ತಾಳೆ. ದೀಪ ಬೆಳಗಿದಾಗ ನೋಡಿದರೆ ಗೆಳತಿ ದೂರದ ಇನ್ನೊಂದು ಹಾಸಿಗೆಯಲ್ಲಿದ್ದಾಳೆ. ಹಾಗಾದರೆ ಇಷ್ಟು ಹೊತ್ತೂ ಹಿಡಿದುಕೊಂಡದ್ದು ಯಾರ ಕೈ ಎಂಬುದನ್ನು ಲೇಖಕಿ ಕೊನೆಗೂ ಹೇಳುವುದಿಲ್ಲ. “ನಮ್ಮ ಕೆಲಸವೇ ಮಬ್ಬು ದೀಪದಲ್ಲಿ ಕೈ ಹಿಡಿದು ನಾಡಿ ನೋಡುವುದು. ಆ ಪುಟ ಓದಿದ ಮೇಲೆ ಒಂದು ವಾರ ನಾನು ಮೊದಲು ಮುಖ ನೋಡಿ, ಆಮೇಲೆ ಕೈ ಹಿಡಿದೆ” ಎಂದರು ಆಕೆ. ಒಂದು ಪುಸ್ತಕದ ಬಗ್ಗೆ ಇದಕ್ಕಿಂತ ಚೊಕ್ಕವಾದ ವಿಮರ್ಶೆಯನ್ನು ನಾನು ಕೇಳಿಲ್ಲ.

ಆ ಬಂಗಲೆಯ ವಿಶೇಷವೆಂದರೆ ಅದನ್ನು ಕಟ್ಟಿಸಿದಾತ ಯಾವ ಮೂಲೆಯನ್ನೂ ನೇರವಾಗಿ ಕಟ್ಟಿಸಿರುವುದಿಲ್ಲ. ಪ್ರತಿಯೊಂದು ಕೋನವೂ ಕೂದಲೆಳೆಯಷ್ಟು ಓರೆ, ಹಾಗಾಗಿ ತೆರೆದಿಟ್ಟ ಬಾಗಿಲುಗಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಇದನ್ನು ಕೇಳಿದ ಮನೆಯ ಯಜಮಾನರು ಕತ್ತಿಯಿಂದ ಕೈ ತೆಗೆಯದೆಯೇ, ತಮ್ಮ ಅಡುಗೆಮನೆಯ ಬಾಗಿಲು ಮೂವತ್ತು ವರ್ಷದಿಂದ ಹಾಗೆಯೇ ಮುಚ್ಚಿಕೊಳ್ಳುತ್ತಿದೆ, ಮಳೆಗಾಲದಲ್ಲಿ ಗೋಡೆ ಕುಸಿದದ್ದರಿಂದ ದಾರಂದ ವಾಲಿದೆ ಎಂದರು. ಎಲ್ಲರೂ ನಕ್ಕೆವು. ಆದರೂ ಆಮೇಲೆ ಕಾಫಿ ತರಲು ಎದ್ದವರು ಆ ಬಾಗಿಲಿಗೆ ಒಂದು ಮಣೆಯನ್ನು ಅಡ್ಡವಿಟ್ಟೇ ಒಳಗೆ ಹೋದದ್ದನ್ನು ನಾನು ಗಮನಿಸಿದೆ.

ನನ್ನ ಸರದಿ ಬಂದಾಗ ನಾನು ಬ್ರಾಮ್ ಸ್ಟೋಕರ್ ಅವರ ‘ಡ್ರಾಕುಲಾ’ ಕಾದಂಬರಿಯನ್ನು ಎತ್ತಿಕೊಂಡೆ. 1897ರಲ್ಲಿ ಬಂದ ಈ ಕೃತಿಯ ಹೆಸರು ಎಲ್ಲರಿಗೂ ಗೊತ್ತು, ಓದಿದವರು ಕಡಿಮೆ. ಸಿನಿಮಾಗಳ ಕಪ್ಪು ನಿಲುವಂಗಿಯೂ ಕೋರೆಹಲ್ಲೂ ಮನಸ್ಸಿನಲ್ಲಿ ನಿಂತುಬಿಟ್ಟಿರುವುದರಿಂದ, ಇಡೀ ಕಾದಂಬರಿ ದಿನಚರಿ, ಪತ್ರ, ತಂತಿ ಸಂದೇಶ, ಪತ್ರಿಕೆಯ ತುಣುಕುಗಳ ಕಡತದಂತೆ ಕಟ್ಟಲ್ಪಟ್ಟಿದೆಯೆಂಬುದು ಹಲವರಿಗೆ ತಿಳಿದಿಲ್ಲ. ಮೊದಲ ಪುಟದಲ್ಲಿ ರಕ್ತವೂ ಇಲ್ಲ, ಪಿಶಾಚಿಯೂ ಇಲ್ಲ. 6 ಗಂಟೆ 46 ನಿಮಿಷಕ್ಕೆ ತಲುಪಬೇಕಿದ್ದ ರೈಲು ಒಂದು ಗಂಟೆ ತಡವಾಯಿತೆಂದು ವಕೀಲವೃತ್ತಿಯ ಯುವಕನೊಬ್ಬ ತನ್ನ ದಿನಚರಿಯಲ್ಲಿ ಬರೆದುಕೊಳ್ಳುತ್ತಾನೆ. ರಾತ್ರಿ ತಿಂದ ಮೆಣಸಿನಪುಡಿ ಹಾಕಿದ ಕೋಳಿಯ ಸಾರು ರುಚಿಯಾಗಿತ್ತು, ಆದರೆ ಬಾಯಾರಿಕೆ ಹತ್ತಿತು, ಅದನ್ನು ಮಾಡುವ ಬಗೆಯನ್ನು ಮದುವೆಯಾಗಲಿರುವ ಹುಡುಗಿಗಾಗಿ ಕೇಳಿ ಬರೆದುಕೊಳ್ಳಬೇಕು ಎಂದುಕೊಳ್ಳುತ್ತಾನೆ. ರೈಲಿನ ವೇಳೆಯನ್ನೂ ಸಾರಿನ ರುಚಿಯನ್ನೂ ಇಷ್ಟು ನಿಷ್ಠೆಯಿಂದ ಬರೆದವನು, ಮುಂದೆ ತನ್ನ ಆತಿಥೇಯ ಕೋಟೆಯ ಗೋಡೆಯ ಮೇಲೆ ತಲೆಕೆಳಗಾಗಿ ಹಲ್ಲಿಯ ಹಾಗೆ ಇಳಿದು ಹೋದನೆಂದು ಬರೆದಾಗ, ಅವನನ್ನು ಸುಳ್ಳನೆನ್ನುವ ಧೈರ್ಯ ನಮಗೆ ಬರುವುದಿಲ್ಲ. ನಮ್ಮೂರಿನಲ್ಲಿ ಕೊಳ್ಳಿದೆವ್ವ ಕಂಡವರ ಮಾತಿನ ಧಾಟಿಯೂ ಇದೇ. ಅವರು ದೆವ್ವದಿಂದ ಆರಂಭಿಸುವುದಿಲ್ಲ. ಯಾವ ಸಂತೆಯಿಂದ ಬರುತ್ತಿದ್ದೆ, ಕೊನೆಯ ಬಸ್ಸು ಹೇಗೆ ತಪ್ಪಿತು, ಕೈಯಲ್ಲಿದ್ದ ಸೂಡಿ ಯಾವ ತಿರುವಿನಲ್ಲಿ ಆರಿತು ಎಂದೆಲ್ಲ ಹೇಳಿ ಮುಗಿಸಿದ ಮೇಲೆಯೇ ಗದ್ದೆಯಂಚಿನ ಬೆಂಕಿ ಕಾಣಿಸಿಕೊಳ್ಳುವುದು.

ಇಲ್ಲಿ ಕನ್ನಡ ಅಧ್ಯಾಪಕರೊಬ್ಬರು ಚರ್ಚೆಯನ್ನು ಬೇರೆ ದಿಕ್ಕಿಗೆ ತಿರುಗಿಸಿದರು. ಭರತನ ನಾಟ್ಯಶಾಸ್ತ್ರವು ಹೇಳುವ ಎಂಟು ರಸಗಳಲ್ಲಿ ಭಯಾನಕವೂ ಬೀಭತ್ಸವೂ ಬೇರೆ ಬೇರೆ. ಒಂದರ ಸ್ಥಾಯಿಭಾವ, ಅಂದರೆ ಬುಡದಲ್ಲಿ ನೆಲೆಸಿದ ಭಾವ, ಭಯ; ಇನ್ನೊಂದರದು ಜುಗುಪ್ಸೆ. ಈಚೆಗೆ ತಾವು ಓದಿದ ಕಥೆಗಳಲ್ಲಿ ಅರ್ಧಕ್ಕರ್ಧ ಈ ಎರಡನ್ನೂ ಒಂದೇ ಎಂದು ತಿಳಿದು, ಕರುಳು ಕಿತ್ತು ತೋರಿಸಿ ಹೆದರಿಕೊಳ್ಳಿ ಎನ್ನುತ್ತವೆಂಬುದು ಅವರ ದೂರು. ಎರಡನ್ನೂ ಜೊತೆಯಾಗಿಟ್ಟು ಗೆದ್ದವನಾರೆಂದು ಕೇಳಿದಾಗ ಅವರು ಹೋದದ್ದು ನೇರವಾಗಿ ರನ್ನನ ‘ಗದಾಯುದ್ಧ’ಕ್ಕೆ. ಶರಶಯ್ಯೆಯಲ್ಲಿರುವ ಭೀಷ್ಮನನ್ನು ಕಾಣಲು ದುರ್ಯೋಧನನು ಸಂಜಯನೊಡನೆ ಕುರುಕ್ಷೇತ್ರದ ಹೆಣಗಳ ನಡುವೆ ನಡೆದು ಹೋಗುತ್ತಾನೆ. ರಣಭೂಮಿಯ ಮರುಳುಗಳು, ಅಂದರೆ ಪಿಶಾಚಿಗಳು, ಅವನನ್ನು ಹಂಗಿಸುತ್ತವೆ. ಆದರೆ ಓದುವವರ ಎದೆ ನಿಲ್ಲುವುದು ಮರುಳುಗಳನ್ನು ಕಂಡಲ್ಲ. ಮುಂದಿನ ಹೆಣ ಯಾರದೆಂದು ದುರ್ಯೋಧನನು ಬಾಗಿ ನೋಡುವಾಗ. ಗುರು ದ್ರೋಣ, ಮಗ ಲಕ್ಷಣಕುಮಾರ, ತಮ್ಮ ದುಶ್ಶಾಸನ, ಗೆಳೆಯ ಕರ್ಣ ಎಲ್ಲರೂ ಅಲ್ಲಿ ಬಿದ್ದಿದ್ದಾರೆ. ರಕ್ತ ಬೇಕಾದಷ್ಟಿದೆ, ಆದರೆ ಪ್ರತಿ ರಕ್ತದ ಮಡುವಿನಲ್ಲೂ ಗುರುತಿನ ಮುಖವೊಂದಿದೆ. ಅಧ್ಯಾಪಕರ ಈ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ.

ಇಂದಿನ ಕನ್ನಡದ ಭಯಾನಕ ಕಥೆಗಳ ಬಗ್ಗೆ ನಮ್ಮ ತಕರಾರನ್ನೂ ಹೇಳಿಬಿಡಬೇಕು. ಬಿಳಿ ಸೀರೆ, ಗೆಜ್ಜೆ ಸದ್ದು, ಬಿಚ್ಚಿದ ಕೂದಲುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ನಮ್ಮನ್ನು ಕಾಡಿದ್ದು ಬೇರೆ: ಕಥೆ ನಡೆಯುವ ಮನೆಯಲ್ಲಿ ಯಾರೂ ಬದುಕಿದ ಗುರುತೇ ಇರುವುದಿಲ್ಲ. ‘ಮಲೆನಾಡಿನ ಒಂದು ಹಳೆಯ ಬಂಗಲೆ’ ಎಂದು ಬರೆದುಬಿಟ್ಟರೆ ಸಾಕೆಂದು ಲೇಖಕರು ತಿಳಿದಿದ್ದಾರೆ. ಆ ಮನೆಗೆ ಜಗುಲಿ ಎಲ್ಲಿದೆ, ಬಚ್ಚಲಿಗೆ ಹೋಗಲು ಅಂಗಳ ದಾಟಬೇಕೋ ಬೇಡವೋ, ಮಳೆಗಾಲದಲ್ಲಿ ಸೌದೆ ಎಲ್ಲಿ ಒಟ್ಟುತ್ತಾರೆ ಎಂಬುದೊಂದೂ ಗೊತ್ತಾಗುವುದಿಲ್ಲ. ಆಗುಂಬೆಯ ಮಳೆಯನ್ನು ತರುತ್ತಾರೆ, ಆದರೆ ಆ ಮಳೆಯಲ್ಲಿ ಒಗೆದ ಬಟ್ಟೆ ವಾರಗಟ್ಟಲೆ ಒಣಗದು, ಒಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ ಹೊಗೆಯ ವಾಸನೆ ಹಿಡಿದು ನೇತಾಡುತ್ತದೆ ಎಂಬುದನ್ನು ತರುವುದಿಲ್ಲ. ಕತ್ತಲೆಯಲ್ಲಿ ಹಾಗೆ ನೇತಾಡುವ ಒಂದು ಅಂಗಿ ಸಾಕು, ಗೆಜ್ಜೆ ಬೇಕಾಗಿಲ್ಲ. ಇನ್ನು ಕೊನೆಯ ಅಧ್ಯಾಯದಲ್ಲಿ ಎಲ್ಲವನ್ನೂ ವಿವರಿಸುವ ಮಂತ್ರವಾದಿಯನ್ನೋ ಮನೋವೈದ್ಯನನ್ನೋ ಕರೆತರುವ ರೂಢಿಯೂ ಇದೆ, ಅದು ಊಟದ ಕೊನೆಗೆ ಅಡುಗೆಯ ಲೆಕ್ಕ ಒಪ್ಪಿಸಿದ ಹಾಗೆ.

ವಿವರಿಸದೆ ಬಿಡುವುದು ಹೇಗೆಂಬುದಕ್ಕೆ ಡಬ್ಲ್ಯು. ಡಬ್ಲ್ಯು. ಜೇಕಬ್ಸ್ ಅವರ, 1902ರ ‘ದಿ ಮಂಕೀಸ್ ಪಾ’ ಎಂಬ ಸಣ್ಣಕಥೆಯನ್ನು ಯಜಮಾನರ ಮಗಳು ನೆನಪಿಸಿದಳು. ಒಣಗಿದ ಕೋತಿಯ ಪಂಜವೊಂದು ಮೂರು ವರ ಕೊಡುತ್ತದೆ. ಮುದುಕ ಕೇಳಿಕೊಂಡ ಇನ್ನೂರು ಪೌಂಡು, ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಸತ್ತ ಮಗನ ಪರಿಹಾರವಾಗಿ ಮನೆಗೆ ಬರುತ್ತದೆ. ಮಗ ಮರಳಿ ಬದುಕಲಿ ಎಂದು ತಾಯಿ ಹಟ ಹಿಡಿದು ಎರಡನೆಯ ವರ ಕೇಳಿಸಿದ ರಾತ್ರಿ ಬಾಗಿಲು ಬಡಿಯುವ ಸದ್ದು. ಆಕೆ ಅಗುಳಿ ತೆಗೆಯಲು ಒದ್ದಾಡುತ್ತಿರುವಾಗ ಮುದುಕ ಮೂರನೆಯ ವರ ಕೇಳಿಕೊಳ್ಳುತ್ತಾನೆ. ಬಾಗಿಲು ತೆರೆದರೆ ದೀಪದ ಕೆಳಗೆ ಖಾಲಿ ರಸ್ತೆ. ಹೊರಗೆ ನಿಂತಿದ್ದದ್ದು ಹೇಗಿತ್ತೆಂದು ಒಂದು ಸಾಲೂ ಇಲ್ಲ. ರಾತ್ರಿ ಹೊತ್ತು ಗುರುತಿನ ದನಿಯಲ್ಲಿ ಕರೆದರೂ ಮೂರು ಸಲ ಕರೆಯುವವರೆಗೆ ಓಗೊಡಬಾರದೆಂದು ಕೇಳಿ ಬೆಳೆದವರಿಗೆ, ಬಾಗಿಲಿನ ಮೇಲೆ ‘ನಾಳೆ ಬಾ’ ಎಂದು ಬರೆದದ್ದನ್ನು ಕಂಡವರಿಗೆ, ಈ ಕಥೆ ಇಂಗ್ಲೆಂಡಿನದೆಂದು ಅನ್ನಿಸುವುದೇ ಇಲ್ಲ. ಷೇಕ್ಸ್‌ಪಿಯರನ ‘ಹ್ಯಾಮ್ಲೆಟ್’ ನಾಟಕವನ್ನು ಕುವೆಂಪು ಅವರು ‘ರಕ್ತಾಕ್ಷಿ’ಯಾಗಿಸಿ ಬಿದನೂರಿನ ಅರಮನೆಗೆ ತಂದಾಗಲೂ ಆದದ್ದು ಇದೇ ಇರಬೇಕು. ನಾವು ಕುಳಿತಿದ್ದ ತಾಲ್ಲೂಕಿನಲ್ಲಿಯೇ, ಇಂದು ನಗರವೆಂದು ಕರೆಯುವ ಆ ಬಿದನೂರಿನ ಕೋಟೆಯಲ್ಲಿ ಒಬ್ಬ ಸತ್ತ ದೊರೆ ಓಡಾಡುತ್ತಾನೆಂದರೆ ನಂಬಲು ಕಷ್ಟವೇನಿದೆ?

ಈ ಮಾತುಗಳನ್ನೆಲ್ಲ ಒಬ್ಬರು ಹಿರಿಯರು ಸುಮ್ಮನೆ ಕೇಳುತ್ತ ಸುಲಿಯುತ್ತಿದ್ದರು. ನಾವೆಲ್ಲ ಸೇರಿ ಸುಲಿದದ್ದಕ್ಕಿಂತ ಅವರ ಮುಂದಿನ ರಾಶಿಯೇ ದೊಡ್ಡದಾಗಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆಯ ಕೆಲಸ ಮುಗಿದು ಶರಾವತಿಯ ನೀರು ಏರಿದಾಗ ಅವರ ಊರು ಮುಳುಗಿತ್ತು, ಆಗ ಅವರಿಗೆ ಹತ್ತು ವರ್ಷ. ಕಥೆ ಪುಸ್ತಕಗಳನ್ನು ತಾವು ಓದುವುದಿಲ್ಲವೆಂದೂ, ಓದಬೇಕಾದರೆ ತಮ್ಮ ಮನೆಯಲ್ಲಿ ನಡೆಯುವ ಕಥೆಯನ್ನು ಯಾರಾದರೂ ಬರೆಯಲೆಂದೂ ಹೇಳಿದರು. ನೀರಿನ ಕೆಳಗಿನ ಮನೆಯಲ್ಲೇ ಎಂದು ನರ್ಸ್ ಕೇಳಿದರು. ಹೌದೆಂದು ತಲೆಯಾಡಿಸಿ, ಸಿಪ್ಪೆಯನ್ನು ಬದಿಗೆ ಸರಿಸಿ, ಅಡಿಕೆಯ ಚೊಗರಿನಿಂದ ಕಪ್ಪಾದ ಬೆರಳಿನಲ್ಲಿ ನೆಲದ ಮೇಲೆ ಗೆರೆ ಎಳೆಯತೊಡಗಿದರು. ಇದು ಜಗುಲಿ, ಇದು ನಡುಮನೆ, ಇಲ್ಲಿ ಅಜ್ಜಿ ಮಲಗುತ್ತಿದ್ದ ಕೋಣೆ, ಇದು ಕೊಟ್ಟಿಗೆಗೆ ಹೋಗುವ ದಾರಿ. ಒಂದು ಗೆರೆಯನ್ನೂ ಅವರು ಅಳಿಸಿ ತಿದ್ದಲಿಲ್ಲ. ಬರುವುದಾದರೆ ಎಲ್ಲಿಂದ ಬರುತ್ತದೆ ಎಂದು ನಾನು ಕೇಳಿದೆ. ಅವರು ಬಹಳ ಹೊತ್ತು ಆ ನಕ್ಷೆಯನ್ನು ನೋಡಿ, ಹಿತ್ತಿಲ ಕಡೆಯ ಗೆರೆಯ ಮೇಲೆ ಬೆರಳಿಟ್ಟು, “ಇಲ್ಲಿಂದ. ಈ ಬಾಗಿಲಿಗೆ ಒಳಗಿನಿಂದ ಚಿಲಕ ಇರಲಿಲ್ಲ” ಎಂದರು.