ಮುಂದಿನ ಹಡಗು ಬರುವವರೆಗೆ

ನಮಸ್ಕಾರ. ಇಂದು ಬೇರೆ ವಿಷಯ ಮಾತನಾಡಬೇಕೆಂದಿದ್ದೆ. ಅದನ್ನು ಪಕ್ಕಕ್ಕಿಟ್ಟಿದ್ದೇನೆ. ಹಿಂದಿನ ಸಂಚಿಕೆಯ ಕೆಳಗೆ ವೀಕ್ಷಕರೊಬ್ಬರು ಬರೆದ ಕಾಮೆಂಟ್ ಇದಕ್ಕೆ ಕಾರಣ. "ಸರ್, ಇಟಲಿಯ ದ್ವೀಪಗಳಲ್ಲಿ ನಡೆಯುವ ಈ ಪ್ರೇಮಹಾಸ್ಯ ಚಿತ್ರಗಳೆಲ್ಲ ಪ್ರವಾಸೋದ್ಯಮದ ಜಾಹೀರಾತುಗಳು. ನೀಲಿ ಸಮುದ್ರ, ಬಿಳಿ ಮನೆ, ಕೊನೆಗೊಂದು ಮುತ್ತು. ಇದರಲ್ಲಿ ವಿಶ್ಲೇಷಣೆ ಮಾಡುವುದಕ್ಕೆ ಏನಿದೆ?" ಅದರ ಕೆಳಗೆ ಹೌದು ಹೌದು ಎಂದು ತಲೆಯಾಡಿಸಿದವರ ಸಾಲನ್ನು ನೋಡಿ ನನಗೆ ನಿಜವಾಗಿಯೂ ಸಿಟ್ಟು ಬಂತು.

ಏನಿದೆ ಎಂದು ಕೇಳಿದಿರಲ್ಲ, ಹೇಳುತ್ತೇನೆ. ದ್ವೀಪದ ಪ್ರೇಮಹಾಸ್ಯವನ್ನು ನಡೆಸುವುದು ಸಮುದ್ರದ ಬಣ್ಣವಲ್ಲ, ಹಡಗಿನ ವೇಳಾಪಟ್ಟಿ. ಊರಿನಲ್ಲಿ ನಡೆಯುವ ಕಥೆಯಲ್ಲಿ ಹುಡುಗಿಗೆ ಬೇಸರವಾದರೆ ಆಟೊ ಹತ್ತಿ ಹೊರಟುಹೋಗುತ್ತಾಳೆ. ಅವನು ಅಲ್ಲಿಯೇ ನಿಲ್ಲುತ್ತಾನೆ, ದೃಶ್ಯ ಮುಗಿಯುತ್ತದೆ. ದ್ವೀಪದಲ್ಲಿ ಹೊರಟುಹೋಗಲು ದಾರಿಯಿಲ್ಲ. ಬೆಳಿಗ್ಗೆ ಜಗಳವಾಡಿದವನ ಮುಖವನ್ನೇ ಮಧ್ಯಾಹ್ನ ಕಡಲತೀರದಲ್ಲಿ ನೋಡಬೇಕು, ರಾತ್ರಿ ಅದೇ ಚೌಕದಲ್ಲಿ ಅವನ ಪಕ್ಕದ ಮೇಜಿನಲ್ಲಿ ಕುಳಿತು ಊಟ ಮಾಡಬೇಕು. ಮದುವೆ ಮನೆಯಲ್ಲಿ ಮುನಿಸಿಕೊಂಡ ಇಬ್ಬರು ಷಡ್ಡಕರನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿದ ಹಾಗೆ. ಮುಂದಿನ ಹಡಗು ಬರುವವರೆಗೆ ಎಲ್ಲಿಗೂ ಹೋಗುವಂತಿಲ್ಲ. ನಗು ಹುಟ್ಟುವುದು ಅಲ್ಲಿ. ಪ್ರೀತಿ ಹುಟ್ಟುವುದೂ ಅಲ್ಲಿಯೇ.

ಜಾಹೀರಾತು ಎಂದಿರಿ. ಹಾಗಾದರೆ ನಿಮ್ಮ ವಾದಕ್ಕೆ ಅತ್ಯಂತ ಅನುಕೂಲವಾದ ಉದಾಹರಣೆಯನ್ನು ನಾನೇ ಕೊಡುತ್ತೇನೆ. 1957ರ 'ವಕಾಂತ್ಸೆ ಆ ಇಸ್ಕಿಯಾ', ಅಂದರೆ ಇಸ್ಕಿಯಾ ದ್ವೀಪದಲ್ಲಿ ರಜೆ. ನಿರ್ದೇಶಕ ಮಾರಿಯೊ ಕಾಮೆರಿನಿ, ಮುಖ್ಯ ಪಾತ್ರದಲ್ಲಿ ವಿತ್ತೋರಿಯೊ ದೆ ಸೀಕಾ. 1932ರಲ್ಲಿ ದೆ ಸೀಕಾ ಅವರನ್ನು ಪರದೆಯ ತಾರೆಯನ್ನಾಗಿ ಮಾಡಿದವರೂ ಇದೇ ಕಾಮೆರಿನಿ. ಹಣ ಹಾಕಿದವರು ಪ್ರಕಾಶಕ ಆಂಜೆಲೊ ರಿತ್ಸೋಲಿ. ಈ ರಿತ್ಸೋಲಿ ಆ ಹೊತ್ತಿಗಾಗಲೇ ಇಸ್ಕಿಯಾದ ಲಾಕ್ಕೊ ಅಮೇನೊದಲ್ಲಿ ಬಿಸಿನೀರಿನ ಬುಗ್ಗೆಗಳ ಪಕ್ಕ ದೊಡ್ಡ ಹೋಟೆಲ್ ಕಟ್ಟಿಸಿದ್ದರು. ಹೋಟೆಲಿನ ಮಾಲೀಕರೇ ಸಿನಿಮಾದ ಮಾಲೀಕರು! ಇದಕ್ಕಿಂತ ದೊಡ್ಡ ಜಾಹೀರಾತು ಬೇಕೆ?

ಆದರೂ ಆ ಚಿತ್ರ ಇಂದಿಗೂ ನಗಿಸುತ್ತದೆ. ಗಂಡನ ಮೇಲೆ ಹೆಂಡತಿಗೆ ಅನುಮಾನ, ಹುಡುಗಿಯ ಹಿಂದೆ ಹುಡುಗರು, ಮಾತು ತಪ್ಪಿದವರು, ಮಾತು ಕೊಟ್ಟು ಸಿಕ್ಕಿಬಿದ್ದವರು. ನಾಲ್ಕಾರು ಕಥೆಗಳು ಒಂದೇ ದ್ವೀಪದಲ್ಲಿ ಒಂದಕ್ಕೊಂದು ತೊಡರುತ್ತವೆ. ಹೋಟೆಲಿನ ಚಂದ ನೋಡಿ ನಾವು ನಗುವುದಿಲ್ಲ. ಇವರೆಲ್ಲ ಅಲ್ಲಿಂದ ತಪ್ಪಿಸಿಕೊಳ್ಳಲಾರರು, ಅದಕ್ಕೆ ನಗುತ್ತೇವೆ. ಹಣ ಯಾರದಾದರೂ ಇರಲಿ, ಹಡಗು ತನ್ನ ಹೊತ್ತಿಗೇ ಬರುತ್ತದೆ.

ಇಟಲಿಯವರಿಗೆ ಆಗಸ್ಟ್ ಎಂದರೇನು ಎಂಬುದನ್ನೂ ಸ್ವಲ್ಪ ತಿಳಿದುಕೊಳ್ಳಬೇಕು. ಆಗಸ್ಟ್ 15 ನಮಗೆ ಧ್ವಜಾರೋಹಣದ ದಿನ, ಅವರಿಗೆ ಫೆರ್ರಾಗೋಸ್ತೊ. ಕ್ರಿಸ್ತಪೂರ್ವ 18ರಲ್ಲಿ ಚಕ್ರವರ್ತಿ ಅಗಸ್ಟಸ್ ಘೋಷಿಸಿದ ರಜೆಯ ಬೇರು ಅದಕ್ಕಿದೆ. ಅದರ ಮೇಲೆ ಯೇಸುವಿನ ತಾಯಿ ಮರಿಯಮ್ಮನ ಸ್ವರ್ಗಾರೋಹಣದ ಹಬ್ಬ ಕೂತಿದೆ. ಯುದ್ಧಾನಂತರದ ಏಳಿಗೆಯ ಕಾಲದಲ್ಲಿ ಕಾರ್ಖಾನೆಗಳು ಆಗಸ್ಟಿನಲ್ಲಿ ಬಾಗಿಲು ಹಾಕುತ್ತಿದ್ದವು, ನಗರಕ್ಕೆ ನಗರವೇ ಖಾಲಿಯಾಗಿ ಕಡಲಿನ ಕಡೆಗೆ ಹೊರಡುತ್ತಿತ್ತು. ಹೀಗೆ ಇಡೀ ವರ್ಷ ಒಬ್ಬರ ಮುಖ ಒಬ್ಬರು ನೋಡದ ಜನರನ್ನು ಒಂದೇ ತುಂಡು ನೆಲದ ಮೇಲೆ ತಂದು ಇಳಿಸುವುದು ಯಾವುದು? ಹಡಗು. ಇಳಿಸಿ ಹೊರಟುಬಿಡುತ್ತದೆ.

ಈಗ ನನ್ನ ಅಚ್ಚುಮೆಚ್ಚಿನ ಚಿತ್ರಕ್ಕೆ ಬರುತ್ತೇನೆ. ನಿರ್ದೇಶಕ ಪಾವ್ಲೊ ವಿರ್ಜಿ ಅವರ 1996ರ 'ಫೇರಿಯೆ ದಗೋಸ್ತೊ', ಅಂದರೆ ಆಗಸ್ಟಿನ ರಜೆ. ಇಟಲಿಯ ದಾವಿದ್ ದಿ ದೊನತೆಲ್ಲೊ ಪ್ರಶಸ್ತಿಗಳಲ್ಲಿ ಆ ವರ್ಷದ ಅತ್ಯುತ್ತಮ ಚಿತ್ರ. ಜಾಗ ವೆಂತೊತೇನೆ ದ್ವೀಪ, ಉದ್ದ ಸುಮಾರು ಮೂರು ಕಿಲೋಮೀಟರ್. ಒಂದು ಮನೆಯಲ್ಲಿ ಎಡಪಂಥೀಯ ಪತ್ರಕರ್ತ ಮತ್ತು ಅವನ ಗೆಳೆಯರು. ವಿದ್ಯುತ್ ಇಲ್ಲದ ಮನೆ, ದೀಪದ ಬೆಳಕು, ಗಂಭೀರ ಮಾತುಕತೆ. ಪಕ್ಕದ ಮನೆಯಲ್ಲಿ ರೋಮಿನ ಬಂದೂಕು ಅಂಗಡಿಯವನ ಕುಟುಂಬ. ಟಿವಿ, ಮೊಬೈಲ್, ಗದ್ದಲ. ರೋಮಿನಲ್ಲಾಗಿದ್ದರೆ ಈ ಇಬ್ಬರು ಜನ್ಮದಲ್ಲಿ ಎದುರಾಗುತ್ತಿರಲಿಲ್ಲ, ಅವರವರ ಬಡಾವಣೆ ಅವರವರಿಗೆ. ಇಲ್ಲಿ ಇರುವುದು ಒಂದು ಗೋಡೆ. ಜಗಳ ಬೆಳೆಯುತ್ತದೆ, ಗುಂಡು ಹಾರುತ್ತದೆ, ಸರಕು ಮಾರುವ ಆಫ್ರಿಕಾದ ವಲಸಿಗನೊಬ್ಬನಿಗೆ ಗಾಯವಾಗುತ್ತದೆ. ಅಷ್ಟಾದ ಮೇಲೂ ಆಕರ್ಷಣೆ ಮಾತ್ರ ಗೋಡೆ ದಾಟಿ ಆಚೀಚೆ ಓಡಾಡುತ್ತಲೇ ಇರುತ್ತದೆ.

ಆ ದ್ವೀಪವನ್ನೇ ಯಾಕೆ ಆರಿಸಿದರು ಎಂದು ಯೋಚಿಸಿದ್ದೀರಾ? ಮುಸೊಲಿನಿಯ ಸರ್ಕಾರ ತನ್ನ ವಿರೋಧಿಗಳನ್ನು ತಂದು ಬಿಡುತ್ತಿದ್ದ ಜಾಗ ಅದು. 1941ರಲ್ಲಿ ಅಲ್ತಿಯೇರೊ ಸ್ಪಿನೆಲ್ಲಿ ಮತ್ತು ಎರ್ನೆಸ್ತೊ ರೋಸ್ಸಿ ಒಗ್ಗೂಡಿದ ಯುರೋಪಿನ ಪ್ರಣಾಳಿಕೆ ಬರೆದದ್ದು ಅಲ್ಲಿ ಬಂಧನದಲ್ಲಿದ್ದಾಗ. 2024ರಲ್ಲಿ ಬಂದ, ಈ ಚಿತ್ರದ ಮುಂದುವರಿದ ಭಾಗದಲ್ಲಿ ಪತ್ರಕರ್ತನ ಮಗನ ಹೆಸರೇ ಅಲ್ತಿಯೇರೊ. ಹೊರಟುಹೋಗಲು ಬಿಡದ ನೆಲ ಎಂಬುದು ಅಲ್ಲಿ ಅಲಂಕಾರದ ಮಾತಲ್ಲ, ಚರಿತ್ರೆ. ಇದು ನಿಮ್ಮ ಕಣ್ಣಿಗೆ ಜಾಹೀರಾತು!

ಈ ವಾಹಿನಿಗೆ ಇನ್ನೂ ಚಂದಾದಾರರಾಗದವರು ದಯವಿಟ್ಟು ಈಗಲೇ ಆಗಿ. ಇಟಲಿಯ ಹಳೆಯ ಹಾಸ್ಯಚಿತ್ರಗಳ ಬಗ್ಗೆ ಕನ್ನಡದಲ್ಲಿ ಇಷ್ಟು ಹೊತ್ತು ಕುಳಿತು ಮಾತನಾಡುವುದು ನಡೆಯಬೇಕಾದರೆ ನಿಮ್ಮ ಬೆಂಬಲ ಬೇಕು. ಸದಸ್ಯರಿಗಾಗಿ ಮಾಡಿರುವ ದ್ವೀಪಚಿತ್ರಗಳ ಪಟ್ಟಿಯ ಕೊಂಡಿ ಕೆಳಗಿದೆ. ಕಷ್ಟಪಟ್ಟು ಮಾಡಿದ್ದೇನೆ, ನೋಡಿ.

ಇನ್ನೊಬ್ಬರು ಬರೆದಿದ್ದಾರೆ, "ಈಗ ವೇಗದ ದೋಣಿಗಳಿವೆ, ಯಾರೂ ಸಿಕ್ಕಿಹಾಕಿಕೊಳ್ಳುವುದಿಲ್ಲ" ಎಂದು. ಸ್ವಾಮಿ, ಈಗ ಅಲ್ಲ, ನೀರಿನಿಂದ ಮೇಲೆದ್ದು ಓಡುವ ಆ ದೋಣಿ ಮೆಸ್ಸೀನಾ ಜಲಸಂಧಿಯಲ್ಲಿ 1956ರಲ್ಲಿಯೇ ಓಡಲು ಶುರುವಾಯಿತು. ನಾನು ಹೇಳಿದ ಇಸ್ಕಿಯಾ ಚಿತ್ರಕ್ಕಿಂತ ಒಂದು ವರ್ಷ ಮೊದಲು! ಗಾಳಿ ಎದ್ದು ಅಲೆ ಉಕ್ಕಿದರೆ ಮೊದಲು ನಿಲ್ಲುವುದೂ ಆ ವೇಗದ ದೋಣಿಯೇ. ಕಡಲು ಶಾಂತವಾಗುವವರೆಗೆ ಕಾಯಬೇಕು. ನನ್ನ ಮಾತನ್ನು ನೀವೇ ಗಟ್ಟಿ ಮಾಡಿಕೊಟ್ಟಿರಿ.

ನಿರ್ದೇಶಕ ನಾನ್ನಿ ಮೊರೆತ್ತಿ ತಾನೇ ತನ್ನ ಪಾತ್ರದಲ್ಲಿ ನಟಿಸಿದ 'ಕಾರೊ ದಿಯಾರಿಯೊ' ನೋಡಿ. ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ 1994ರಲ್ಲಿ ಅತ್ಯುತ್ತಮ ನಿರ್ದೇಶಕ ಪ್ರಶಸ್ತಿ ತಂದ ಚಿತ್ರ. ಅದರ ಎರಡನೆಯ ಅಧ್ಯಾಯ ಪೂರ್ತಿ ಸಿಸಿಲಿಯ ಬಳಿಯ ಇಯೋಲಿಯನ್ ದ್ವೀಪಗಳಲ್ಲಿ. ಪ್ರೇಮಕಥೆಯಲ್ಲ, ಒಪ್ಪುತ್ತೇನೆ, ಆದರೆ ಯಂತ್ರ ಅದೇ. ಟಿವಿಯನ್ನು ದ್ವೇಷಿಸುತ್ತಿದ್ದ ವಿದ್ವಾಂಸ ಗೆಳೆಯ ಜೆರಾರ್ದೊ ಹಡಗಿನಲ್ಲಿ ಟಿವಿ ನೋಡಿ, ದ್ವೀಪದಿಂದ ದ್ವೀಪಕ್ಕೆ ಹೋಗುತ್ತ ಅದರ ಗೀಳು ಹತ್ತಿಸಿಕೊಳ್ಳುತ್ತಾನೆ. ಅಮೆರಿಕದ ಧಾರಾವಾಹಿಯ ಹುಚ್ಚು. ಸ್ತ್ರೋಂಬೊಲಿ ಜ್ವಾಲಾಮುಖಿಯ ಮೇಲೆ ಅಮೆರಿಕನ್ ಪ್ರವಾಸಿಗರು ಕಾಣುತ್ತಾರೆ. ಇಟಲಿಯಲ್ಲಿ ಇನ್ನೂ ಪ್ರಸಾರವಾಗದ ಕಂತುಗಳಲ್ಲಿ ಮುಂದೇನಾಗುತ್ತದೆ ಎಂದು ಅವರನ್ನು ಕೇಳು ಎಂದು ಜೆರಾರ್ದೊ ಮೊರೆತ್ತಿಯ ಬೆನ್ನು ಹತ್ತುತ್ತಾನೆ. ಪಾಪ ಮೊರೆತ್ತಿ ಆ ಇಳಿಜಾರಿನಲ್ಲಿ ನಿಂತು ಧಾರಾವಾಹಿಯ ಪಾತ್ರಗಳ ಹೆಸರು ಕೂಗಿ ಕೂಗಿ ವಿಚಾರಿಸುತ್ತಾನೆ! ಕೊನೆಗೆ ಅಲಿಕುಡಿ. ರಸ್ತೆಯಿಲ್ಲದ, ಸಾಮಾನು ಹೊರಲು ಹೇಸರಗತ್ತೆಗಳಿರುವ ದ್ವೀಪ. ಟಿವಿ ಇಲ್ಲ. ಆ ಮೌನ ತಾಳಲಾರದೆ ಜೆರಾರ್ದೊ ಟಿವಿಯ ಪರವಾಗಿ ಕಿರುಚುತ್ತ ಎಲ್ಲಿಗೆ ಓಡುತ್ತಾನೆ? ಹಡಗಿಗೆ! ಹೊರಡುತ್ತಿರುವ ಹಡಗಿಗೆ!

ನಿರ್ದೇಶಕ ಬಿಲ್ಲಿ ವೈಲ್ಡರ್ ಅಮೆರಿಕದವರಾದರೂ ಇದು ಅವರಿಗೆ ಅರ್ಥವಾಗಿತ್ತು. 1972ರ 'ಅವಾಂತಿ!', ಜಾಗ ಮತ್ತೆ ಇಸ್ಕಿಯಾ. ತಂದೆಯ ಶವ ಒಯ್ಯಲು ಬಂದ ಮಗ ಆದಷ್ಟು ಬೇಗ ಹೊರಡಬೇಕು. ಸತುವಿನ ಹೊದಿಕೆಯ ಶವಪೆಟ್ಟಿಗೆ ಬೇಕು, ಕಾಗದಪತ್ರ ಬೇಕು, ಮೊಹರು ಬೇಕು, ಅಷ್ಟರಲ್ಲಿ ಎಲ್ಲರಿಗೂ ಊಟದ ಹೊತ್ತು. ಅವನು ಹೊರಡಲಾಗದ ಕಾರಣಕ್ಕೇ ಪ್ರೀತಿಸುತ್ತಾನೆ. ಮೊದಲ ದಿನವೇ ಕೆಲಸ ಮುಗಿದಿದ್ದರೆ ಆ ಚಿತ್ರವೇ ಇಲ್ಲ.

"ನಮ್ಮ ಸಿನಿಮಾ ಹಾಡುಗಳಲ್ಲೂ ವಿದೇಶದ ಕಡಲು ಬರುತ್ತದಲ್ಲ, ಅದಕ್ಕೂ ಇದಕ್ಕೂ ಏನು ವ್ಯತ್ಯಾಸ" ಎಂದವರಿಗೆ ಒಂದೇ ಮಾತು. ಹಾಡಿನಲ್ಲಿ ನಾಯಕ ನಾಯಕಿ ಐದು ನಿಮಿಷದಲ್ಲಿ ಆ ಕಡಲಿನಿಂದ ಬೆಟ್ಟಕ್ಕೆ, ಬೆಟ್ಟದಿಂದ ಮನೆಗೆ ಬಂದುಬಿಡುತ್ತಾರೆ. ಯಾರಾದರೂ ಹಡಗಿಗಾಗಿ ಕಾದದ್ದನ್ನು ನೋಡಿದ್ದೀರಾ? ಇಲ್ಲ. ಚರ್ಚೆ ಮುಗಿಯಿತು.

ಇಲ್ಲ, ಇದಕ್ಕೆ ಇನ್ನು ಬೇರೆ ವಾದ ಬೇಡ. ಹಡಗು ಕಾಣದಿದ್ದರೆ ಅದು ದ್ವೀಪದ ಸಿನಿಮಾ ಅಲ್ಲ. ಎಷ್ಟು ದೊಡ್ಡ ತಾರೆಯಾದರೂ ಇರಲಿ, ಎಷ್ಟು ಚಂದದ ಸೂರ್ಯಾಸ್ತವಾದರೂ ಇರಲಿ. ಕೊನೆಯ ಹಡಗು ತಪ್ಪಿದಾಗ ಆ ಇಬ್ಬರ ಮುಖ ನೋಡಿ. ಬೇಸರ ಮತ್ತು ನಿರಾಳ ಎರಡೂ ಒಟ್ಟಿಗೆ ಇರುತ್ತವೆ. ಅದನ್ನು ನೋಡಿಯೂ ಮನಸ್ಸು ಕರಗದವರೊಂದಿಗೆ ನಾನು ಏನು ಮಾತನಾಡಲಿ? ನನಗೆ ಇಪ್ಪತ್ತು ಕಾಮೆಂಟ್ ಬರಲಿ, ಇನ್ನೂರು ಬರಲಿ, ಹಡಗು ಎಂದೇ ಹೇಳುತ್ತೇನೆ.

ಮುಂದಿನ ಸಂಚಿಕೆಯಲ್ಲಿ 'ಇಲ್ ಪೊಸ್ತೀನೊ', 1994. ಪ್ರೊಚಿದಾ ಮತ್ತು ಸಲೀನಾ ದ್ವೀಪಗಳಲ್ಲಿ ತೆಗೆದದ್ದು. ಚಿತ್ರೀಕರಣ ಮುಗಿಯುತ್ತಿದ್ದಂತೆಯೇ ತೀರಿಕೊಂಡ ನಾಯಕನಟ ಮಸ್ಸಿಮೊ ತ್ರೊಯಿಸಿ ಬಗ್ಗೆ ಮನಸ್ಸು ಬಿಚ್ಚಿ ಮಾತನಾಡಬೇಕಿದೆ, ಸಮಯ ಇಟ್ಟುಕೊಂಡು ಬನ್ನಿ. ಆ ಚಿತ್ರದ ಊರಿಗೆ ಕುಡಿಯುವ ನೀರು ಕೂಡ ಬರುವುದು ಹಡಗಿನಲ್ಲಿ.